ಕಂಡದ್ದನ್ನು ಬರೆಯುವ ಬಗೆ

ಧಾರವಾಡದವರಿಗೆ ಮುಸುವವು ಹೊಸ ಪ್ರಾಣಿಯಲ್ಲ. ಕರಿಯ ಮುಖ, ಬೂದುಬಣ್ಣದ ಮೈ, ಮೈಗಿಂತ ಉದ್ದವಾದ ಬಾಲ. ಆಡುಮಾತಿನಲ್ಲಿ ಅದು ‘ಮುಸ್ಯಾ’. ಪೇರಲ ತೋಟದಲ್ಲಿ ಕಾಯಿ ಬಲಿಯುವ ಹೊತ್ತಿಗೆ ಅದರ ಹಿಂಡು ಬರುವುದು, ಹಂಚಿನ ಮನೆಗಳ ಮೇಲೆ ಧಡಧಡನೆ ಓಡಿ ನಾಲ್ಕಾರು ಹಂಚುಗಳನ್ನು ಜರುಗಿಸಿ ಹೋಗುವುದು, ಮನೆಯವರು ಕೋಲು ಹಿಡಿದು ಅಂಗಳಕ್ಕಿಳಿಯುವುದು ಅಲ್ಲಿ ವಾಡಿಕೆಯ ನೋಟ. ಹನುಮಂತನ ಕುಲದ್ದೆಂದು ಅದಕ್ಕೆ ಕೈಮುಗಿಯುವವರೂ ಉಂಟು. ಇಷ್ಟು ಹತ್ತಿರದ ನೆರೆಯ ಪ್ರಾಣಿಯ ವಿಷಯದಲ್ಲಿ ಊರವರಿಗೆ ತಿಳಿಯದ ಸಂಗತಿ ಇನ್ನೇನು ಉಳಿದೀತು ಎಂದು ಯಾರಿಗಾದರೂ ಅನಿಸುವುದು ಸಹಜ.

1961ರಲ್ಲಿ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಯುಕಿಮಾರು ಸುಗಿಯಾಮಾ ಎಂಬ ತರುಣ ವಿಜ್ಞಾನಿ ಈ ಮುಸುವಗಳನ್ನು ನೋಡುವುದಕ್ಕೆಂದೇ ಧಾರವಾಡಕ್ಕೆ ಬಂದರು. ಅವರೊಡನೆ ಕೆಂಜಿ ಯೋಶಿಬಾ ಎಂಬ ಜಪಾನೀ ಸಂಶೋಧಕರೂ ಎಂ. ಡಿ. ಪಾರ್ಥಸಾರಥಿ ಎಂಬ ಭಾರತೀಯ ಸಂಶೋಧಕರೂ ಕೆಲಸ ಮಾಡಿದರು. ಊರಿನ ಪಶ್ಚಿಮಕ್ಕೆ, ಹಳಿಯಾಳದ ಕಡೆಗೆ ಹೋಗುವ ದಾರಿಯ ಕಾಡುಗಳಲ್ಲಿ ಅವರು ಹಿಂಡುಗಳನ್ನು ಗುರುತಿಸಿ, ಒಂದೊಂದಕ್ಕೂ ಒಂದು ಸಂಖ್ಯೆ ಕೊಟ್ಟು, 1963ರವರೆಗೆ ಅವುಗಳ ದಿನಚರಿಯನ್ನು ಬರೆದಿಟ್ಟರು. ಹಿಂಡಿನಲ್ಲಿ ಸರಾಸರಿ ಹದಿನೈದರ ಆಸುಪಾಸು ಪ್ರಾಣಿಗಳಿದ್ದವು. ಬಹುಪಾಲು ಹಿಂಡುಗಳಲ್ಲಿ ಬೆಳೆದ ಗಂಡು ಒಂದೇ. ಉಳಿದವು ಹೆಣ್ಣುಗಳು ಮತ್ತು ಮರಿಗಳು. ಹಿಂಡು ಸಿಕ್ಕದ ಗಂಡುಗಳು ತಮ್ಮದೇ ಬೇರೆ ಗುಂಪು ಕಟ್ಟಿಕೊಂಡು ಅಲೆಯುತ್ತಿದ್ದವು.

1962ರಲ್ಲಿ ಮೂವತ್ತನೆಯ ಸಂಖ್ಯೆಯ ಹಿಂಡಿನ ಮೇಲೆ ಇಂಥದೊಂದು ಅಲೆಮಾರಿ ಗುಂಪು ಎರಗಿತು. ಹಿಂಡಿನ ಹಳೆಯ ಒಡೆಯನು ಸೋತು ಓಡಿದನು. ಬಂದ ಗಂಡುಗಳಲ್ಲಿ ಒಂದು ಉಳಿದವನ್ನೂ ಅಟ್ಟಿ ತಾನೊಂದೇ ಹಿಂಡಿನಲ್ಲಿ ನಿಂತಿತು. ಅನಂತರ ನಡೆದುದು ಯಾರೂ ನಿರೀಕ್ಷಿಸದ ಸಂಗತಿ. ಹೊಸ ಗಂಡು ಹಾಲು ಕುಡಿಯುವ ಮರಿಗಳ ಮೇಲೆ ಬಿದ್ದು ಕಚ್ಚತೊಡಗಿತು. ಕೆಲವು ವಾರಗಳು ಕಳೆಯುವುದರೊಳಗೆ ಹಿಂಡಿನಲ್ಲಿ ಎಳೆಯ ಮರಿಗಳೇ ಇಲ್ಲವಾದವು. ಮರಿಗಳನ್ನು ಕಳೆದುಕೊಂಡ ತಾಯಂದಿರು ಅದೇ ಗಂಡಿನೊಡನೆ ಕೂಡಿದವು.

ಈ ವರದಿಯು 1965ರಲ್ಲಿ ‘ಪ್ರೈಮೇಟ್ಸ್’ ಎಂಬ ವಿದ್ವತ್ಪತ್ರಿಕೆಯಲ್ಲಿ ಪ್ರಕಟವಾಯಿತು. ಓದಿದವರಲ್ಲಿ ಅನೇಕರು ಅದನ್ನು ಒಪ್ಪಲಿಲ್ಲ. ಅದಕ್ಕೆ ಕೆಲವೇ ವರ್ಷಗಳ ಹಿಂದೆ ಫಿಲಿಸ್ ಜೇ ಎಂಬ ಅಮೆರಿಕನ್ ವಿದುಷಿಯು ಭಾರತದ ಬೇರೆ ಕಡೆಗಳಲ್ಲಿ ಮುಸುವಗಳನ್ನು ಬಹುಕಾಲ ನೋಡಿ, ಅವು ಶಾಂತ ಸ್ವಭಾವದ ಪ್ರಾಣಿಗಳೆಂದು ಬರೆದಿದ್ದರು. ಒಂದೇ ಪ್ರಾಣಿಯ ವಿಷಯದಲ್ಲಿ ಇಬ್ಬರು ಪ್ರಾಮಾಣಿಕ ವೀಕ್ಷಕರು ಇಷ್ಟು ಬೇರೆಯಾದ ಮಾತು ಹೇಳಿದರೆ ಯಾರನ್ನು ನಂಬಬೇಕು? ನ್ಯಾಯಾಲಯದಲ್ಲಾದರೆ ಸಾಕ್ಷಿಗಳನ್ನು ಕರೆದು ಪಾಟೀಸವಾಲು ಮಾಡಬಹುದು. ಕಾಡಿನ ಮುಸುವಗಳಿಂದ ಸಾಕ್ಷ್ಯ ಪಡೆಯುವಂತಿಲ್ಲ. ಉಳಿದದ್ದು ವೀಕ್ಷಕನ ಟಿಪ್ಪಣಿ ಪುಸ್ತಕ ಒಂದೇ. ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯು ನಮ್ಮಲ್ಲಿ ಹಳೆಯದು. ಪ್ರಮಾಣಿಸಿ ನೋಡುವುದು ಹೇಗೆ ಎಂಬುದನ್ನು ಮಾತ್ರ ಗಾದೆ ತಿಳಿಸುವುದಿಲ್ಲ. ಮನಃಶಾಸ್ತ್ರದ ವಿದ್ಯಾರ್ಥಿಗಳು ಕಾಲೇಜಿನಲ್ಲಿ ಮೊದಲು ಕಲಿಯಬೇಕಾದ ವಿದ್ಯೆಗಳಲ್ಲಿ ಅದೂ ಒಂದು.

ಮನಃಶಾಸ್ತ್ರದ ಸಲಕರಣೆ ಎಂದೊಡನೆ ಹಿತ್ತಾಳೆಯ ಯಂತ್ರಗಳೂ ಗಾಜಿನ ಕಪಾಟುಗಳೂ ತುಂಬಿದ ಪ್ರಯೋಗಶಾಲೆ ಕಣ್ಣಮುಂದೆ ಬರುತ್ತದೆ. ಅದು ತಪ್ಪಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಮನಃಶಾಸ್ತ್ರ ವಿಭಾಗವನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿಯವರಿಗೆ ಯಂತ್ರಗಳಲ್ಲಿ ಅಪಾರ ಒಲವಿತ್ತು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರವನ್ನು ಆರಂಭಿಸಿ ‘ಆಕಾಶವಾಣಿ’ ಎಂಬ ಹೆಸರಿಗೆ ಕಾರಣರಾದವರೂ ಅವರೇ. ಆದರೆ ಪ್ರಯೋಗಶಾಲೆಯ ಹೊರಗೆ, ತರಗತಿಯಲ್ಲಿ, ಆಟದ ಬಯಲಿನಲ್ಲಿ, ಆಸ್ಪತ್ರೆಯ ವಾರ್ಡಿನಲ್ಲಿ, ಮರದ ಮೇಲೆ ತಾನಾಗಿ ನಡೆಯುವ ವರ್ತನೆಯನ್ನು ಹಿಡಿದಿಡುವುದಕ್ಕೆ ಬೇಕಾದ ಸಲಕರಣೆಗಳು ಬಹು ಸಾದಾ. ಒಂದು ಪೆನ್ಸಿಲು, ಗೆರೆ ಎಳೆದ ಹಾಳೆ, ಒಂದು ಗಡಿಯಾರ. ಕಷ್ಟವಿರುವುದು ಅವುಗಳನ್ನು ಬಳಸುವ ಶಿಸ್ತಿನಲ್ಲಿ.

ಮೊದಲನೆಯ ಕಷ್ಟ ಭಾಷೆಯದು. ತರಗತಿಯಲ್ಲಿ ಕುಳಿತ ಒಬ್ಬ ಹುಡುಗನನ್ನು ನೋಡಿ, ಕಂಡದ್ದನ್ನು ಬರೆಯಿರಿ ಎಂದು ಹೊಸ ವಿದ್ಯಾರ್ಥಿಗಳಿಗೆ ಹೇಳಿದರೆ, ಹತ್ತರಲ್ಲಿ ಎಂಟು ಮಂದಿ ‘ಹುಡುಗನಿಗೆ ಬೇಸರವಾಗಿದೆ’ ಎಂದೋ ‘ಪಾಠದಲ್ಲಿ ಆಸಕ್ತಿಯಿಲ್ಲ’ ಎಂದೋ ಬರೆದಾರು. ಬೇಸರವು ಕಣ್ಣಿಗೆ ಕಾಣುವ ವಸ್ತುವಲ್ಲ. ಕಂಡದ್ದು ಇಷ್ಟೇ: ಹುಡುಗನು ಎಡಗೈಯನ್ನು ಗಲ್ಲಕ್ಕೆ ಊರಿದ್ದಾನೆ, ಕಣ್ಣು ಕಿಟಕಿಯ ಕಡೆಗಿದೆ, ಪುಸ್ತಕ ಮುಚ್ಚಿದೆ. ಅವನಿಗೆ ಬೇಸರವೇ ಆಗಿರಬಹುದು. ಹಲ್ಲುನೋವೂ ಆಗಿರಬಹುದು. ಬೆಳಗ್ಗೆ ಮನೆಯಲ್ಲಿ ನಡೆದ ಮಾತು ನೆನಪಾಗಿರಬಹುದು. ಟಿಪ್ಪಣಿಯಲ್ಲಿ ‘ಬೇಸರ’ ಎಂದು ಬರೆದ ಕ್ಷಣದಲ್ಲಿ ಉಳಿದ ಬಾಗಿಲುಗಳೆಲ್ಲ ಮುಚ್ಚಿಹೋಗುತ್ತವೆ; ಮುಂದೆ ಆ ಹಾಳೆಯನ್ನು ಓದುವವರಿಗೆ ಗಲ್ಲವೂ ಸಿಕ್ಕುವುದಿಲ್ಲ, ಕಿಟಕಿಯೂ ಸಿಕ್ಕುವುದಿಲ್ಲ. ಆದುದರಿಂದ ಹಾಳೆಯ ನಡುವೆ ಒಂದು ಗೆರೆ ಎಳೆದು, ಎಡಕ್ಕೆ ಕಂಡದ್ದನ್ನೂ ಬಲಕ್ಕೆ ತನಗೆ ತೋಚಿದ್ದನ್ನೂ ಬರೆಯುವ ಅಭ್ಯಾಸವನ್ನು ಹಲವು ಕಡೆ ಮಾಡಿಸುತ್ತಾರೆ. ತೋಚಿದ್ದನ್ನು ಬರೆಯಲೇಬಾರದೆಂದಲ್ಲ, ಅದು ಕಂಡದ್ದರ ಕಾಲಂನಲ್ಲಿ ನುಸುಳಬಾರದು, ಅಷ್ಟೆ.

ಈ ಬಗೆಯ ಬರವಣಿಗೆಗೆ ಒಳ್ಳೆಯ ಉದಾಹರಣೆ ಚಾರ್ಲ್ಸ್ ಡಾರ್ವಿನ್ನರದು. 1839ರ ಡಿಸೆಂಬರಿನಲ್ಲಿ ಹುಟ್ಟಿದ ತಮ್ಮ ಚೊಚ್ಚಲ ಮಗನನ್ನು ಅವರು ದಿನದಿನವೂ ನೋಡಿ ಟಿಪ್ಪಣಿ ಮಾಡಿಕೊಂಡರು. ಮೊದಲ ಏಳು ದಿನಗಳಲ್ಲಿ ಕೂಸು ಸೀನಿದ್ದು, ಬಿಕ್ಕಳಿಸಿದ್ದು, ಆಕಳಿಸಿದ್ದು, ಮೈಮುರಿದದ್ದು. ಏಳನೆಯ ದಿನ ಕಾಗದದ ಚೂರಿನಿಂದ ಅಂಗಾಲನ್ನು ಮುಟ್ಟಿದಾಗ ಕಾಲನ್ನು ಸರಕ್ಕನೆ ಎಳೆದುಕೊಂಡದ್ದು ಮೊದಲಾದ ಸಂಗತಿಗಳು ಅದರಲ್ಲಿವೆ. ಮೂವತ್ತೇಳು ವರ್ಷಗಳ ಮೇಲೆ, 1877ರಲ್ಲಿ, ಅವರು ಆ ಟಿಪ್ಪಣಿಗಳನ್ನು ‘ಮೈಂಡ್’ ಎಂಬ ಪತ್ರಿಕೆಯಲ್ಲಿ ಪ್ರಕಟಿಸಿದರು. ಅಷ್ಟು ವರ್ಷಗಳ ಹಿಂದಿನ ಮಗುವನ್ನು ಬರಿಯ ನೆನಪಿನಿಂದ ಚಿತ್ರಿಸಲು ಹೊರಟಿದ್ದರೆ, ಬೆಳೆದು ದೊಡ್ಡವನಾದ ಮಗನೇ ಆ ಕೂಸಿಗೆ ಅಡ್ಡ ಬರುತ್ತಿದ್ದನೋ ಏನೋ.

ದಿನಚರಿಯ ಬರವಣಿಗೆ ಸೊಗಸಾದುದು, ಆದರೆ ಅದಕ್ಕೊಂದು ದೋಷವುಂಟು. ವಿಶೇಷವಾದದ್ದು ಮಾತ್ರ ಅದರಲ್ಲಿ ಸೇರುತ್ತದೆ, ಸಾಮಾನ್ಯವಾದದ್ದು ಬಿಟ್ಟುಹೋಗುತ್ತದೆ. ಮಗು ಬಿದ್ದದ್ದನ್ನು ಬರೆಯುತ್ತಾರೆ, ಬೀಳದೆ ಕುಳಿತಿದ್ದ ಮೂರು ಗಂಟೆಗಳನ್ನು ಬರೆಯುವುದಿಲ್ಲ. ಇದಕ್ಕೆ ಪರಿಹಾರವಾಗಿ ಬಂದದ್ದು ವರ್ತನೆಗಳ ಪಟ್ಟಿ. ನೋಡತೊಡಗುವ ಮೊದಲೇ, ಯಾವ ಯಾವ ವರ್ತನೆಯನ್ನು ಎಣಿಸಬೇಕೆಂದು ಗೊತ್ತುಮಾಡಿ, ಒಂದೊಂದಕ್ಕೂ ಸ್ಪಷ್ಟವಾದ ವ್ಯಾಖ್ಯೆಯನ್ನು ಬರೆದುಕೊಳ್ಳುವುದೇ ಅದರ ಕ್ರಮ. ‘ಜಗಳ’ ಎಂದು ಬರೆದರೆ ಸಾಲದು. ಕೈಯಿಂದ ಹೊಡೆಯುವುದು ಸೇರಿತೇ? ಬೈಗುಳ ಸೇರಿತೇ? ಪೆನ್ಸಿಲು ಕಸಿದುಕೊಂಡು ನಗುತ್ತ ಓಡಿದರೆ ಅದು ಜಗಳವೋ ಆಟವೋ? ಇವನ್ನು ಮೊದಲೇ ತೀರ್ಮಾನಿಸದಿದ್ದರೆ, ಬೆಳಗ್ಗೆ ಜಗಳವೆನಿಸಿದ್ದು ಮಧ್ಯಾಹ್ನ ಊಟವಾದ ಮೇಲೆ ಆಟವೆನಿಸಿಬಿಡುತ್ತದೆ.

ಮಿಲ್ಡ್ರೆಡ್ ಪಾರ್ಟನ್ ಎಂಬವರು ಅಮೆರಿಕದ ಮಿನೆಸೋಟಾದಲ್ಲಿ ಶಿಶುವಿಹಾರದ ಮಕ್ಕಳ ಆಟವನ್ನು ಹೀಗೆಯೇ ವಿಂಗಡಿಸಿ 1932ರಲ್ಲಿ ಪ್ರಕಟಿಸಿದರು. ಮಗು ಏನನ್ನೂ ಮಾಡದಿರುವುದು, ಇತರರ ಆಟವನ್ನು ನೋಡುತ್ತಿರುವುದು, ತಾನೊಂದೇ ಆಡುವುದು, ಪಕ್ಕದಲ್ಲಿದ್ದೂ ತನ್ನ ಪಾಡಿಗೆ ಆಡುವುದು, ಬೆರೆತು ಆಡುವುದು, ಕೂಡಿ ಒಂದು ಗುರಿಯಿಟ್ಟು ಆಡುವುದು ಎಂದು ಆರು ಬಗೆಗಳು. ಪ್ರತಿಯೊಂದು ಮಗುವನ್ನೂ ಒಂದೊಂದು ನಿಮಿಷದಂತೆ ಹಲವು ದಿನ ನೋಡಿ ಗುರುತು ಹಾಕಿದ ಆ ತಖ್ತೆಗಳಿಂದ, ವಯಸ್ಸು ಏರಿದಂತೆ ಮಕ್ಕಳು ಒಂಟಿ ಆಟದಿಂದ ಕೂಡಿ ಆಡುವ ಕಡೆಗೆ ಸಾಗುತ್ತಾರೆಂಬುದು ತೋರಿಬಂದಿತು. ನಮ್ಮ ಓಣಿಗಳಲ್ಲಿ ಚಿಣ್ಣಿದಾಂಡು ಆಡುವ ಹುಡುಗರ ನಡುವೆ, ಗೋಡೆಗೊರಗಿ ನಿಂತು ಕಣ್ಣಲ್ಲೇ ಆಡುವ ಒಂದು ಪುಟ್ಟ ಮಗುವನ್ನು ಯಾರು ಕಂಡಿಲ್ಲ? ಅದಕ್ಕೂ ಪಾರ್ಟನ್ ಅವರ ಪಟ್ಟಿಯಲ್ಲಿ ಒಂದು ಸ್ಥಾನವಿದೆ.

ಇನ್ನು ಗಡಿಯಾರದ ಮಾತು. ವರ್ತನೆಯೆಲ್ಲವನ್ನೂ ಬರೆಯುವುದು ಯಾರಿಂದಲೂ ಆಗದು. ಬರೆಯಲು ತಲೆ ತಗ್ಗಿಸಿದಾಗಲೇ ಏನಾದರೊಂದು ನಡೆದುಹೋಗುತ್ತದೆ. ಆದುದರಿಂದ 1920ರ ದಶಕದ ಕೊನೆಯಲ್ಲಿ ಫ್ಲಾರೆನ್ಸ್ ಗುಡ್ಎನಫ್ ಮೊದಲಾದ ಶಿಶು ಮನಃಶಾಸ್ತ್ರಜ್ಞರು ಕಾಲವನ್ನು ತುಂಡು ತುಂಡಾಗಿ ಆರಿಸಿಕೊಂಡು ನೋಡುವ ಕ್ರಮವನ್ನು ಬಳಕೆಗೆ ತಂದರು. ಅಕ್ಕಿಯ ಮೂಟೆಯನ್ನೆಲ್ಲ ಸುರಿಯದೆ, ಅಲ್ಲಲ್ಲಿ ಬಂಬು ಚುಚ್ಚಿ ಹಿಡಿಯಷ್ಟು ತೆಗೆದು ಪರೀಕ್ಷಿಸುವ ಪೇಟೆಯ ವ್ಯಾಪಾರಿಯ ಕ್ರಮವೂ ಇದೇ. ವ್ಯಾಪಾರಿಯು ಮೂಟೆಯ ಬಾಯಲ್ಲಿ ಕಾಣುವ ಅಕ್ಕಿಯನ್ನಷ್ಟೇ ನೋಡಿದರೆ ಮೋಸಹೋಗುತ್ತಾನೆ. ವೀಕ್ಷಕನೂ ತನ್ನ ಕಣ್ಣನ್ನು ತಾನಾಗಿ ಸೆಳೆಯುವುದನ್ನಷ್ಟೇ ಬರೆದರೆ ಹಾಗೆಯೇ ಮೋಸಹೋಗುತ್ತಾನೆ.

ಮುಸುವಗಳ ಹಿಂಡಿನಲ್ಲಿ ಈ ಅಪಾಯ ಹೆಚ್ಚು. ಕೂಗುವ, ಜಿಗಿಯುವ, ಹಲ್ಲು ಕಿರಿಯುವ ದೊಡ್ಡ ಗಂಡು ಎಲ್ಲರ ಕಣ್ಣಿಗೂ ಬೀಳುತ್ತದೆ. ಎಲೆಗಳ ಮರೆಯಲ್ಲಿ ಮರಿಯನ್ನು ಅವುಚಿಕೊಂಡು ಸುಮ್ಮನೆ ಕುಳಿತ ಹೆಣ್ಣನ್ನು ನೋಡುವವರಿಲ್ಲ. ಹಾಳೆಯ ತುಂಬ ಗಂಡಿನ ಪರಾಕ್ರಮವೇ ತುಂಬಿಕೊಂಡರೆ, ಓದುವವರು ಹಿಂಡನ್ನು ನಡೆಸುವುದು ಗಂಡೇ ಎಂದು ತಿಳಿಯುತ್ತಾರೆ. ಕೀನ್ಯಾ ದೇಶದ ಅಂಬೊಸೆಲಿಯಲ್ಲಿ ಬಬೂನ್ ಎಂಬ ವಾನರಗಳನ್ನು ಅಧ್ಯಯನ ಮಾಡಿದ ಜೀನ್ ಆಲ್ಟ್‌ಮನ್ ಈ ದೋಷವನ್ನು 1974ರ ತಮ್ಮ ಪ್ರಬಂಧವೊಂದರಲ್ಲಿ ಬಿಡಿಸಿ ತೋರಿಸಿದರು. ಮೂಲತಃ ಗಣಿತವನ್ನು ಓದಿದವರಾದ ಅವರು, ಆವರೆಗೆ ವೀಕ್ಷಕರು ಅನುಸರಿಸುತ್ತಿದ್ದ ಕ್ರಮಗಳನ್ನೆಲ್ಲ ಒಂದೊಂದಾಗಿ ಎತ್ತಿಕೊಂಡು, ಯಾವ ಕ್ರಮದಿಂದ ಯಾವ ಪ್ರಶ್ನೆಗೆ ಉತ್ತರ ಸಿಕ್ಕುತ್ತದೆ, ಯಾವುದಕ್ಕೆ ಸಿಕ್ಕುವುದಿಲ್ಲ ಎಂದು ವಿಚಾರಿಸಿದರು. ಗೊತ್ತಾದ ಅವಧಿಯವರೆಗೆ ಒಂದೇ ಪ್ರಾಣಿಯ ಮೇಲೆ ಕಣ್ಣಿಟ್ಟು, ಅದು ಮಾಡಿದ್ದನ್ನೆಲ್ಲ ಬರೆದು, ಆಮೇಲೆ ಸರದಿಯಂತೆ ಮುಂದಿನದಕ್ಕೆ ಹೋಗುವ ಕ್ರಮವನ್ನು ಅವರು ಎತ್ತಿಹಿಡಿದರು. ಸರದಿ ಬಂದ ಪ್ರಾಣಿ ನಿದ್ದೆಹೋಗಿದ್ದರೆ ನಿದ್ದೆಯನ್ನೇ ಬರೆಯಬೇಕು. ಪಕ್ಕದ ಕೊಂಬೆಯಲ್ಲಿ ಎಂಥ ಕೋಲಾಹಲವಾದರೂ ಕಣ್ಣು ಕೀಳಬಾರದು. ಇದು ಹೇಳುವಷ್ಟು ಸುಲಭವಲ್ಲ. ಇನ್ನೊಂದು ಕ್ರಮದಲ್ಲಿ, ಗೊತ್ತಾದ ಗಳಿಗೆಗೆ ಸರಿಯಾಗಿ ಹಿಂಡಿನ ಮೇಲೆಲ್ಲ ಒಮ್ಮೆ ಕಣ್ಣು ಹಾಯಿಸಿ, ಆ ಕ್ಷಣದಲ್ಲಿ ಯಾವುದು ಏನು ಮಾಡುತ್ತಿತ್ತೆಂದು ಗುರುತಿಸಿಕೊಳ್ಳುತ್ತಾರೆ.

ಅವರು ಆಕ್ಷೇಪಿಸಿದ್ದು ಬಹು ಬಳಕೆಯಲ್ಲಿದ್ದ ಒಂದು ಸುಲಭ ಕ್ರಮವನ್ನು. ಒಂದು ನಿಮಿಷದೊಳಗೆ ಆ ವರ್ತನೆ ಒಮ್ಮೆಯಾದರೂ ಕಂಡರೆ ಗುರುತು, ಕಾಣದಿದ್ದರೆ ಸೊನ್ನೆ. ಇದರಲ್ಲಿ ಎರಡು ಸೆಕೆಂಡು ಮೈ ಹೆಕ್ಕಿಕೊಂಡ ಮುಸುವಕ್ಕೂ ಐವತ್ತೆಂಟು ಸೆಕೆಂಡು ಹೆಕ್ಕಿಕೊಂಡ ಮುಸುವಕ್ಕೂ ಒಂದೇ ಗುರುತು ಬೀಳುತ್ತದೆ. ಕೊನೆಯಲ್ಲಿ ಗುರುತುಗಳನ್ನು ಕೂಡಿಸಿ ‘ಇಷ್ಟು ಕಾಲ ಮೈ ಹೆಕ್ಕಿಕೊಂಡಿತು’ ಎಂದರೆ ಅದು ಸುಳ್ಳಾಗುತ್ತದೆ. ‘ಇಷ್ಟು ಬಾರಿ’ ಎಂದರೂ ಸುಳ್ಳಾಗುತ್ತದೆ. ಅಂಕಿಗಳು ಅಚ್ಚುಕಟ್ಟಾಗಿ ಕಾಣುತ್ತವೆಂಬ ಕಾರಣದಿಂದಲೇ ಈ ಸುಳ್ಳು ಬೇಗ ನಂಬಿಕೆ ಗಳಿಸುತ್ತದೆ.

ವ್ಯಾಖ್ಯೆ ಸರಿಯಾಗಿದೆ, ಕಾಲದ ಲೆಕ್ಕವೂ ಸರಿಯಾಗಿದೆ. ಆದರೂ ಬರೆದ ಕೈ ಒಂದೇ ಆಗಿದ್ದರೆ ಸಂಶಯ ಉಳಿಯುತ್ತದೆ. ಒಳ್ಳೆಯ ಅಧ್ಯಯನದಲ್ಲಿ ಇಬ್ಬರು ವೀಕ್ಷಕರು, ಒಬ್ಬರ ಹಾಳೆಯನ್ನು ಇನ್ನೊಬ್ಬರು ನೋಡದೆ, ಒಂದೇ ದೃಶ್ಯವನ್ನು ಬರೆಯುತ್ತಾರೆ. ಅನಂತರ ಹಾಳೆಗಳನ್ನು ತಾಳೆ ನೋಡುತ್ತಾರೆ. ಇಲ್ಲಿಯೂ ಒಂದು ಬಲೆಯಿದೆ. ನೂರು ಕಾಲತುಂಡುಗಳಲ್ಲಿ ಮೊದಲನೆಯವರು ಐದರಲ್ಲಿ ‘ಹೊಡೆತ’ ಎಂದು ಗುರುತು ಹಾಕಿದರು. ಎರಡನೆಯವರೂ ಐದರಲ್ಲಿಯೇ ಹಾಕಿದರು. ಆದರೆ ಇಬ್ಬರ ಐದೂ ಬೇರೆ ಬೇರೆ ತುಂಡುಗಳು ಎಂದು ಭಾವಿಸಬಹುದು. ಉಳಿದ ತೊಂಬತ್ತರಲ್ಲಿ ಇಬ್ಬರೂ ‘ಇಲ್ಲ’ ಎಂದಿದ್ದಾರೆ. ಸರಳವಾಗಿ ಲೆಕ್ಕ ಹಾಕಿದರೆ ನೂರಕ್ಕೆ ತೊಂಬತ್ತು ಒಮ್ಮತ! ನಿಜಕ್ಕೂ, ಒಂದೇ ಒಂದು ಹೊಡೆತದ ವಿಷಯದಲ್ಲಿಯೂ ಅವರಲ್ಲಿ ಒಮ್ಮತವಿಲ್ಲ. 1960ರಲ್ಲಿ ಜೇಕಬ್ ಕೋಹೆನ್ ಎಂಬವರು, ಬರಿಯ ಆಕಸ್ಮಿಕದಿಂದ ಎಷ್ಟು ಒಮ್ಮತ ಬರಬಹುದೋ ಅಷ್ಟನ್ನು ಕಳೆದು ಉಳಿದದ್ದನ್ನು ಅಳೆಯುವ ಸೂತ್ರವನ್ನು ಕೊಟ್ಟರು. ಅದಕ್ಕೆ ಗ್ರೀಕ್ ಅಕ್ಷರದ ಹೆಸರಿನಿಂದ ‘ಕಪ್ಪಾ’ ಎನ್ನುತ್ತಾರೆ. ಪೂರ್ಣ ಒಮ್ಮತವಿದ್ದರೆ ಅದು ಒಂದು. ಬರಿಯ ಆಕಸ್ಮಿಕವಾದರೆ ಸೊನ್ನೆ. ಮೇಲಿನ ಉದಾಹರಣೆಯಲ್ಲಿ ಇಬ್ಬರೂ ಕಣ್ಣು ಮುಚ್ಚಿ ಗುರುತು ಹಾಕಿದ್ದರೂ ಸುಮಾರು ತೊಂಬತ್ತೂವರೆಯಷ್ಟು ಒಮ್ಮತ ಬರುತ್ತಿತ್ತು; ಆದುದರಿಂದ ಅವರ ಕಪ್ಪಾ ಸೊನ್ನೆಗಿಂತಲೂ ಸ್ವಲ್ಪ ಕೆಳಗಿಳಿಯುತ್ತದೆ.

ವೀಕ್ಷಕನಿಗೆ ತಾನು ಕಾಣಬಯಸಿದ್ದೇ ಕಾಣುವುದೂ ಉಂಟು. 1963ರಲ್ಲಿ ರಾಬರ್ಟ್ ರೋಸೆಂಥಾಲ್ ಮತ್ತು ಕರ್ಮಿಟ್ ಫೋಡ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞರು ತಮ್ಮ ವಿದ್ಯಾರ್ಥಿಗಳಿಗೆ ಇಲಿಗಳನ್ನು ಹಂಚಿ, ಚಕ್ರವ್ಯೂಹದಂಥ ಹಾದಿಯಲ್ಲಿ ಅವುಗಳಿಗೆ ದಾರಿ ಕಲಿಸುವಂತೆ ಹೇಳಿದ ಒಂದು ಪ್ರಯೋಗವನ್ನು ಪ್ರಕಟಿಸಿದರು. ಕೆಲವರಿಗೆ ‘ನಿಮ್ಮ ಇಲಿಗಳು ಜಾಣ ತಳಿಯವು’ ಎಂದೂ ಇನ್ನು ಕೆಲವರಿಗೆ ‘ನಿಮ್ಮವು ದಡ್ಡ ತಳಿಯವು’ ಎಂದೂ ತಿಳಿಸಲಾಗಿತ್ತು. ವಾಸ್ತವವಾಗಿ ಇಲಿಗಳೆಲ್ಲ ಒಂದೇ ಬಗೆಯವು. ಆದರೂ ‘ಜಾಣ’ ಇಲಿಗಳ ಅಂಕಗಳು ಮೇಲಾಗಿ ಬಂದವು. ಇಲಿಗೇ ಹೀಗಾದರೆ, ‘ಇವನು ತುಂಟ’ ಎಂದು ಹಿಂದಿನ ತರಗತಿಯಿಂದಲೇ ಹೆಸರು ಹೊತ್ತು ಬಂದ ಹುಡುಗನ ಗತಿಯನ್ನು ಊಹಿಸಬಹುದು.

ನೋಡುವವನು ಅಲ್ಲಿದ್ದಾನೆಂಬುದೇ ನೋಡುವ ವಸ್ತುವನ್ನು ಬದಲಿಸಿಬಿಡುತ್ತದೆಂಬ ತೊಂದರೆಯೂ ಇದೆ. ಇನ್‌ಸ್ಪೆಕ್ಟರರು ಬಂದ ದಿನ ಶಾಲೆ ಹೇಗಿರುತ್ತದೆಂದು ಮೇಷ್ಟ್ರುಗಳಿಗೂ ಮಕ್ಕಳಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಆರ್ನಾಲ್ಡ್ ಗೆಸೆಲ್ ಅವರು ಒಂದು ಕಡೆಯಿಂದ ಮಾತ್ರ ಕಾಣುವ ಪರದೆಯ ಹಿಂದಿನಿಂದ ಮಕ್ಕಳನ್ನು ನೋಡಿದರು, ಚಲನಚಿತ್ರ ತೆಗೆದರು. ಕಾಡಿನಲ್ಲಿ ಅಂಥ ಪರದೆಯಿಲ್ಲ. ಹಿಂಡು ತಮ್ಮನ್ನು ಮರವೋ ಕಲ್ಲೋ ಎಂಬಂತೆ ಕಡೆಗಣಿಸುವವರೆಗೆ ವೀಕ್ಷಕರು ದಿನವೂ ಹೋಗಿ ಕುಳಿತಿರಬೇಕು.

ಸುಗಿಯಾಮಾ ಬಂದ ಪರಂಪರೆಯವರಿಗೆ ಈ ತಾಳ್ಮೆ ಕರತಲಾಮಲಕವಾಗಿತ್ತು. ಕಿಂಜಿ ಇಮಾನಿಶಿ ಮತ್ತು ಅವರ ಶಿಷ್ಯರು 1948ರಿಂದ ಜಪಾನಿನ ಮಂಗಗಳನ್ನು ನೋಡಲು ತೊಡಗಿ, ಒಂದೊಂದು ಮಂಗಕ್ಕೂ ಹೆಸರಿಟ್ಟು, ತಾಯಿ ಯಾರು ಮಗಳು ಯಾರು ಎಂದು ವಂಶಾವಳಿಯನ್ನೇ ಬರೆಯುತ್ತ ಬಂದಿದ್ದರು. ಪ್ರಾಣಿಗೆ ಹೆಸರಿಡುವುದು ವಿಜ್ಞಾನಕ್ಕೆ ತಕ್ಕುದಲ್ಲವೆಂದು ಪಶ್ಚಿಮದ ಕೆಲವು ಪಂಡಿತರು ಆಗ ಮೂಗು ಮುರಿದರು. ಮುಂದೆ ಅವರೂ ಅದೇ ದಾರಿಗೆ ಬಂದರು. ಹರಿದ ಕಿವಿ, ಡೊಂಕಾದ ಬಾಲದ ತುದಿ, ತುಟಿಯ ಮೇಲಿನ ಗಾಯದ ಕಲೆ, ಇಂಥ ಗುರುತುಗಳಿಂದ ಒಂದೊಂದು ಪ್ರಾಣಿಯನ್ನೂ ಬೇರೆಯಾಗಿ ತಿಳಿಯದಿದ್ದರೆ, ‘ಒಂದು ಗಂಡು ಒಂದು ಮರಿಯನ್ನು ಕಚ್ಚಿತು’ ಎಂದಷ್ಟೇ ಬರೆಯಬಹುದು. ಆ ಗಂಡು ಹಳೆಯ ಒಡೆಯನೋ ಹೊಸಬನೋ, ಮರಿಯ ತಂದೆಯೋ ಪರಕೀಯನೋ ಎಂಬುದು ತಿಳಿಯದ ಮೇಲೆ ಆ ವಾಕ್ಯದಿಂದ ಏನೂ ಸಿದ್ಧವಾಗುವುದಿಲ್ಲ. ಧಾರವಾಡದ ವರದಿಗೆ ಬೆಲೆ ಬಂದದ್ದು ಈ ಗುರುತಿನಿಂದ.

ಸುಗಿಯಾಮಾ ಒಂದೇ ಪ್ರಕರಣಕ್ಕೆ ನಿಲ್ಲಲಿಲ್ಲ. ಇನ್ನೊಂದು ಹಿಂಡಿನಿಂದ ಒಡೆಯನಾದ ಗಂಡನ್ನು ತಾವೇ ಹಿಡಿದು ತೆಗೆದು, ಮುಂದೇನಾಗುತ್ತದೆಂದು ನೋಡಿದರು. ನೆರೆಯ ಗಂಡು ಬಂದು ಸೇರಿತು. ಅಲ್ಲಿಯೂ ಮರಿಗಳು ಸತ್ತವು. ಇದನ್ನು ಅವರು 1966ರಲ್ಲಿ ಪ್ರಕಟಿಸಿದರು. ಇಂಥ ಪ್ರಯೋಗಕ್ಕೆ ಇಂದು ಸುಲಭವಾಗಿ ಅನುಮತಿ ಸಿಕ್ಕಲಾರದು, ಸಿಕ್ಕಬಾರದೆಂಬುದೇ ನ್ಯಾಯ. 1971ರಲ್ಲಿ ಎಸ್. ಎಂ. ಮೊಹನೋತ್ ಅವರು ರಾಜಸ್ಥಾನದ ಜೋಧಪುರದಿಂದ ಇಂಥದೇ ಘಟನೆಗಳನ್ನು ವರದಿ ಮಾಡಿದರು. ಅದೇ ವರ್ಷ ಸಾರಾ ಹರ್ಡಿ ಎಂಬ ತರುಣಿ ಅಬು ಬೆಟ್ಟದಲ್ಲಿ ಅಧ್ಯಯನವನ್ನು ತೊಡಗಿ, ಇದಕ್ಕೊಂದು ಕಾರಣವನ್ನು ಮುಂದಿಟ್ಟರು: ಹಾಲೂಡುವ ತಾಯಿ ಮತ್ತೆ ಬೇಗ ಗರ್ಭ ಧರಿಸುವುದಿಲ್ಲ, ಹಿಂಡಿನ ಮೇಲೆ ಗಂಡಿನ ಒಡೆತನ ಬಹುಕಾಲ ಉಳಿಯುವುದಿಲ್ಲ, ಪರರ ಮರಿಯನ್ನು ಕೊಂದ ಗಂಡಿಗೆ ಸ್ವಂತ ಸಂತಾನ ಬೇಗ ದೊರೆಯುತ್ತದೆ.

ವಿರೋಧಿಗಳು ಸುಮ್ಮನಾಗಲಿಲ್ಲ. ಧಾರವಾಡ, ಜೋಧಪುರ, ಅಬು ಇವೆಲ್ಲ ಮನುಷ್ಯರ ಸಹವಾಸದಲ್ಲಿ ಮುಸುವಗಳು ಕಿಕ್ಕಿರಿದ ಜಾಗಗಳು. ಅಲ್ಲಿ ಕಂಡದ್ದು ರೋಗವೇ ಹೊರತು ಸ್ವಭಾವವಲ್ಲ ಎಂದರು. ಅವರ ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ‘ಮರಿಹತ್ಯೆ’ ಎಂದು ಎಣಿಸಿದ ಪ್ರಕರಣಗಳಲ್ಲಿ ಎಷ್ಟನ್ನು ಯಾರಾದರೂ ಕಣ್ಣಾರೆ ಕಂಡಿದ್ದಾರೆ? ಹಲವು ಕಡೆ ಕಂಡದ್ದು ಗಾಯವನ್ನು ಮಾತ್ರ; ಇನ್ನು ಕೆಲವು ಕಡೆ, ನಿನ್ನೆ ಇದ್ದ ಮರಿ ಇಂದು ಇರಲಿಲ್ಲ, ಅಷ್ಟೆ. ಬಾರ್ಟ್‌ಲೆಟ್, ಸಸ್‌ಮನ್, ಚೆವ್ರುಡ್ ಎಂಬ ವಿದ್ವಾಂಸರು 1993ರಲ್ಲಿ ಪ್ರಕಟವಾದ ವರದಿಗಳನ್ನೆಲ್ಲ ಹರವಿಕೊಂಡು ಈ ಪ್ರಶ್ನೆಯನ್ನೇ ಕೇಳಿದರು. ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆ ಬೇರೆಯಾಗಿ ಬರೆದಿಟ್ಟಿದ್ದರಿಂದಲೇ ಇಷ್ಟು ವರ್ಷಗಳ ಮೇಲೂ ಈ ಪ್ರಶ್ನೆಯನ್ನು ಕೇಳಲು ಸಾಧ್ಯವಾಯಿತೆಂಬುದನ್ನು ಗಮನಿಸಬೇಕು. ಎಲ್ಲವನ್ನೂ ‘ಕೊಂದಿತು’ ಎಂದೇ ಬರೆದಿದ್ದರೆ ವಾದಕ್ಕೆ ಅಡಿಗಲ್ಲೇ ಇರುತ್ತಿರಲಿಲ್ಲ. 1999ರಲ್ಲಿ ಕರೋಲಾ ಬೊರೀಸ್ ಮತ್ತು ಸಂಗಡಿಗರು ನೇಪಾಳದ ರಾಮನಗರದ ಕಾಡಿನ ಮುಸುವಗಳ ಡಿಎನ್ಎ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಮರಿಗಳ ಮೇಲೆ ಬಿದ್ದ ಗಂಡುಗಳು ಆ ಮರಿಗಳ ತಂದೆಗಳಲ್ಲ ಎಂಬುದು ಅದರಿಂದ ಹೊರಬಿತ್ತು. ಹರ್ಡಿಯವರ ವಿವರಣೆಯನ್ನು ಇಂದು ಬಹುಮಂದಿ ಒಪ್ಪುತ್ತಾರೆ. ಆದರೆ ಡಿಎನ್ಎ ಯಂತ್ರಕ್ಕೆ ತಿಳಿಯುವುದು ತಂದೆ ಯಾರೆಂಬುದಷ್ಟೇ. ಯಾವ ದಿನ, ಯಾವ ಗಂಡು, ಯಾವ ಮರಿಯ ಮೇಲೆ ಬಿದ್ದಿತೆಂಬುದು ಪೆನ್ಸಿಲಿನಿಂದ ಬರೆದ ಹಾಳೆಯಲ್ಲಿಯೇ ಇರಬೇಕು.

ಸಲಕರಣೆಗಳು ಈಗ ಬಹಳ ಮುಂದುವರಿದಿವೆ. ಒಂದೊಂದು ವರ್ತನೆಗೆ ಒಂದೊಂದು ಕೀಲಿಯನ್ನು ಒತ್ತಿದರೆ ಕಾಗದದ ಸುರುಳಿಯ ಮೇಲೆ ಗೆರೆ ಮೂಡುವ ಯಂತ್ರಗಳು ಬಂದವು. ಆಮೇಲೆ ವಿಡಿಯೋ ಬಂದಿತು. ಇಟಲಿಯ ಟುರಿನ್ ವಿಶ್ವವಿದ್ಯಾಲಯದವರು 2016ರಲ್ಲಿ ವಿವರಿಸಿದ ‘ಬೋರಿಸ್’ ಎಂಬ ತಂತ್ರಾಂಶವು ಉಚಿತವಾಗಿ ದೊರೆಯುತ್ತದೆ. ಕಂಪ್ಯೂಟರಿನಲ್ಲಿ ವಿಡಿಯೋ ಓಡಿಸುತ್ತ ಕೀಲಿ ಒತ್ತಿದರೆ ಹೊತ್ತು, ಅವಧಿ, ಎಣಿಕೆ ಎಲ್ಲವನ್ನೂ ಅದೇ ಬರೆದುಕೊಳ್ಳುತ್ತದೆ. ದೃಶ್ಯವನ್ನು ಮತ್ತೆ ಮತ್ತೆ ನೋಡಬಹುದು, ಸಂದೇಹವಿದ್ದರೆ ಇನ್ನೊಬ್ಬರಿಗೆ ತೋರಿಸಬಹುದು. ಇದು ದೊಡ್ಡ ಲಾಭ. ಆದರೆ ಯಾವ ಕೀಲಿ ಯಾವ ವರ್ತನೆಗೆಂದು ಗೊತ್ತುಮಾಡುವವರು ಮನುಷ್ಯರೇ. ಕ್ಯಾಮೆರಾ ಎತ್ತ ತಿರುಗಿದೆಯೋ ಅತ್ತ ನಡೆದುದು ಮಾತ್ರ ಅದರಲ್ಲಿ ಸಿಕ್ಕುತ್ತದೆ. ಮಕ್ಕಳನ್ನೋ ರೋಗಿಗಳನ್ನೋ ಚಿತ್ರಿಸುವುದಾದರೆ ತಂದೆತಾಯಿಗಳ, ಸಂಬಂಧಪಟ್ಟವರ ಒಪ್ಪಿಗೆ ಮೊದಲು ಬೇಕು. ಚಿತ್ರವನ್ನು ಯಾರ ಕೈಗೂ ಸಿಕ್ಕದಂತೆ ಕಾಪಾಡಬೇಕು. ಪೆನ್ಸಿಲಿನ ಹಾಳೆಯಲ್ಲಿ ಮಗುವಿನ ಹೆಸರನ್ನು ಅಳಿಸಿದರೆ ಸಾಕಿತ್ತು, ಮುಖವನ್ನು ಅಳಿಸುವುದು ಅಷ್ಟು ಸುಲಭವಲ್ಲ.

ಶಾಲೆಯ ಮಟ್ಟದಲ್ಲಿ ಈ ವಿದ್ಯೆ ಹೇಗೆ ಬಳಕೆಗೆ ಬರುತ್ತದೆಂಬುದಕ್ಕೆ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಹುಬ್ಬಳ್ಳಿಯ ಒಂದು ಪ್ರಾಥಮಿಕ ಶಾಲೆ, ಐದನೆಯ ತರಗತಿ, ಕೊನೆಯ ಸಾಲಿನ ಒಬ್ಬ ಹುಡುಗ. ‘ಒಂದು ಗಳಿಗೆ ಕೂತಲ್ಲಿ ಕೂಡುವುದಿಲ್ಲ, ಪಕ್ಕದವರನ್ನೂ ಓದಗೊಡುವುದಿಲ್ಲ’ ಎಂಬುದು ಅವನ ಮೇಲಿನ ದೂರು. ಮನಃಶಾಸ್ತ್ರದ ವಿದ್ಯಾರ್ಥಿನಿಯೊಬ್ಬಳು ಅಭ್ಯಾಸಕ್ಕೆಂದು ಆ ತರಗತಿಗೆ ಬರುತ್ತಾಳೆ. ‘ಜಾಗ ಬಿಡುವುದು ಎಂದರೆ ಪೃಷ್ಠವು ಬೆಂಚಿನಿಂದ ಮೇಲೆದ್ದಿರುವುದು’ ಎಂದು ವ್ಯಾಖ್ಯೆ ಬರೆದುಕೊಳ್ಳುತ್ತಾಳೆ. ನಲವತ್ತು ನಿಮಿಷದ ಪಾಠದಲ್ಲಿ ಎರಡೆರಡು ನಿಮಿಷಕ್ಕೊಮ್ಮೆ ತಲೆಯೆತ್ತಿ ನೋಡಿದರೆ ಇಪ್ಪತ್ತು ನೋಟಗಳಾಗುತ್ತವೆ. ಅದರ ಪಕ್ಕದಲ್ಲಿ, ಸಿಡ್ನಿ ಬಿಜೂ ಮತ್ತು ಸಂಗಡಿಗರು 1968ರಲ್ಲಿ ವಿವರಿಸಿದ ರೀತಿಯಲ್ಲಿ ಮೂರು ಕಾಲಂಗಳನ್ನೂ ಇಟ್ಟುಕೊಳ್ಳುತ್ತಾಳೆ: ಅದಕ್ಕೆ ಮೊದಲು ಏನು ನಡೆಯಿತು, ಹುಡುಗ ಏನು ಮಾಡಿದ, ಅದರ ಮೇಲೆ ಏನಾಯಿತು.

ಒಂದು ವಾರದ ಹಾಳೆಗಳನ್ನು ಹರವಿದಾಗ ಮೊದಲು ತಿಳಿಯುವುದು, ಹುಡುಗನು ‘ಒಂದು ಗಳಿಗೆಯೂ’ ಕೂಡುವುದಿಲ್ಲವೆಂಬುದು ನಿಜವಲ್ಲವೆಂದು. ಬಾಯಿಪಾಠ ಹೇಳಿಸುವ ಹೊತ್ತಿನಲ್ಲಿ ಅವನು ಉಳಿದವರಂತೆಯೇ ಕುಳಿತಿದ್ದಾನೆ. ಗುರುತುಗಳು ಗುಂಪುಗೂಡಿರುವುದು ಗಣಿತದ ಅವಧಿಯಲ್ಲಿ, ಅದರಲ್ಲಿಯೂ ಮೊದಲ ಕಾಲಂನಲ್ಲಿ ‘ಗುರುಗಳು ಹಲಗೆಯ ಮೇಲೆ ಲೆಕ್ಕ ಬರೆದರು’ ಎಂದಿರುವ ಕಡೆ. ಎರಡನೆಯ ಕಾಲಂನಲ್ಲಿ ‘ಎದ್ದು ಮುಂದಿನ ಸಾಲಿನ ಹುಡುಗನ ಪುಸ್ತಕಕ್ಕೆ ಬಾಗಿದ’. ಮೂರನೆಯದರಲ್ಲಿ ‘ಗುರುಗಳು ಗದರಿಸಿದರು’. ಇಷ್ಟೂ ದಿನ ತರಗತಿಯಲ್ಲಿ ಎಲ್ಲರೂ ಕಂಡದ್ದು ಮೂರನೆಯ ಕಾಲಂ ಒಂದನ್ನೇ. ಹುಡುಗನಿಗೆ ದೂರದ ಅಕ್ಷರ ಕಾಣುವುದಿಲ್ಲವೆಂದು ಆ ಹಾಳೆ ಹೇಳುವುದಿಲ್ಲ. ಹೇಳಲೂ ಬಾರದು, ಅದು ಊಹೆಯಾಗುತ್ತದೆ. ಕಣ್ಣಿನ ಪರೀಕ್ಷೆ ಮಾಡಿಸಬೇಕೆಂಬ ಪ್ರಶ್ನೆಯನ್ನು ಮಾತ್ರ ಅದು ಎತ್ತುತ್ತದೆ. ಪರೀಕ್ಷೆಯ ದಿನ ಬರುವವರೆಗೆ ಅವನನ್ನು ಮೊದಲ ಸಾಲಿಗೆ ಕರೆದು ಕೂರಿಸಬಹುದು. ಆಗಲೂ ವಿದ್ಯಾರ್ಥಿನಿಯು ಅದೇ ವ್ಯಾಖ್ಯೆಯಿಂದ, ಅದೇ ಎರಡು ನಿಮಿಷದ ಲೆಕ್ಕದಿಂದ, ಇನ್ನೊಂದು ವಾರ ಗುರುತು ಹಾಕುವುದನ್ನು ಮುಂದುವರಿಸುತ್ತಾಳೆ.